ರೈಲು ಹೋಗುವವರೆಗೆ

ನಮ್ಮ ಮನೆ ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ರೈಲು ಹಳಿಯ ಪಕ್ಕ. ಪಕ್ಕ ಎಂದರೆ ಬಾಲ್ಕನಿಯಲ್ಲಿ ಒಣಗಲು ಹಾಕಿದ ಟವೆಲು ಗಾಳಿಗೆ ಹಾರಿದರೆ ಕಾಂಪೌಂಡು ದಾಟಿ ಹಳಿಯ ಜಲ್ಲಿಯ ಮೇಲೆ ಬೀಳುವಷ್ಟು ಪಕ್ಕ. ಸ್ಟೇಷನ್ನಿನ ಅನೌನ್ಸ್‌ಮೆಂಟು ಕೂಡ ಮನೆಯೊಳಗೇ ಕೇಳುತ್ತದೆ. ಊರಿನಿಂದ ಬಂದ ನೆಂಟರು ಮರುದಿನ ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು, "ಇಲ್ಲಿ ನೀವು ಹೇಗೆ ನಿದ್ದೆ ಮಾಡ್ತೀರಿ ಮಾರಾಯ್ರೆ" ಎಂದು ಕೇಳುತ್ತಾರೆ. ಏನು ಹೇಳುವುದು? ನಮಗೆ ರೈಲು ಕೇಳಿಸುವುದೇ ಇಲ್ಲ. ಇಷ್ಟು ವರ್ಷಗಳಲ್ಲಿ ಅದು ಗೋಡೆ ಗಡಿಯಾರದ ಸದ್ದಿನ ಹಾಗೆ ಆಗಿಹೋಗಿದೆ.

ಆದರೆ ಹಳಿಯ ಪಕ್ಕದವರಿಗೆಲ್ಲ ಒಂದು ಅಭ್ಯಾಸ ಇರುತ್ತದೆ. ಮಾತಿನ ನಡುವೆ ರೈಲು ಬಂದರೆ ಬಾಯಿ ತಾನಾಗಿ ನಿಲ್ಲುತ್ತದೆ. ರೈಲು ಹೋದ ಮೇಲೆ ಬಿಟ್ಟಲ್ಲಿಂದಲೇ ಮಾತು ಮುಂದುವರಿಯುತ್ತದೆ. ಮನೆಯಲ್ಲಿದ್ದದ್ದು ಅಪ್ಪ ಮತ್ತು ನಾನು ಇಬ್ಬರೇ, ನಮ್ಮ ಜಗಳಕ್ಕೂ ಇದೇ ನಿಯಮ. "ನಿಮಗೆ ಎಷ್ಟು ಸಲ ಹೇಳಬೇಕು" ಎಂದು ನಾನು ಅಪ್ಪನ ಮೇಲೆ ರೇಗುವಾಗ ಲೋಕಲ್ ರೈಲು ಬಂದುಬಿಟ್ಟರೆ, ಅದು ದಾಟುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿರುತ್ತಿದ್ದೆವು. ಆಮೇಲೆ ನಾನು "ಬಿಪಿ ಗುಳಿಗೆ ತಪ್ಪಿಸಬೇಡಿ ಅಂತ" ಎಂದು ಮುಗಿಸುತ್ತಿದ್ದೆ. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ನನ್ನಂಥ ಮೂಗಿನ ತುದಿಯಲ್ಲೇ ಸಿಟ್ಟಿರುವವಳ ಜೊತೆ ಅಪ್ಪ ಅಷ್ಟು ವರ್ಷ ಬಾಳಿದ್ದು ಸೆಂಟ್ರಲ್ ಲೈನಿನ ಕೃಪೆಯಿಂದ ಎಂದು ಅವರೇ ಹೇಳುತ್ತಿದ್ದರು.

ಅಪ್ಪ ಉಡುಪಿಯ ಕಡೆಯವರು. ಸಣ್ಣ ವಯಸ್ಸಿನಲ್ಲಿ ಠಾಣೆಗೆ ಬಂದು, ಜೀವಮಾನವೆಲ್ಲ ಹೋಟೆಲಿನ ಒಲೆಯ ಮುಂದೆ ಕಳೆದವರು. ಒಲೆ ಬಿಟ್ಟ ಮೇಲೆ ಅವರು ಕೈಗೆತ್ತಿಕೊಂಡದ್ದು ನಮ್ಮ ಭಜನಾ ಮಂಡಳಿಯ ಮಕ್ಕಳ ತಂಡವನ್ನು. ಪ್ರತಿ ಭಾನುವಾರ ಬೆಳಿಗ್ಗೆ ಠಾಣೆ, ಕಲ್ಯಾಣ, ನವಿ ಮುಂಬೈ ಕಡೆಯಿಂದ ಮಕ್ಕಳು ನಮ್ಮ ಮನೆಗೆ ಬರುತ್ತಿದ್ದರು. ಮುಂದಿನ ಕೋಣೆಯ ಸೋಫಾ ಗೋಡೆಗೆ ತಳ್ಳಿ, ಚಾಪೆ ಹಾಸಿ, ಎಲ್ಲರ ಕೈಗೂ ಒಂದೊಂದು ಜೊತೆ ತಾಳ. ಅವರಿಗೆ ಭಜನೆಯ ಜೊತೆ ನಾಲ್ಕು ಕನ್ನಡ ಮಾತೂ ಬರಲಿ ಎಂಬುದು ಮಂಡಳಿಯ ಆಸೆ. ಇಲ್ಲೇ ಹುಟ್ಟಿದ ಮಕ್ಕಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವವರು.

ಅಪ್ಪನಿಗೆ ಹೆಸರುಗಳು ನೆನಪಿರುತ್ತಿರಲಿಲ್ಲ. ಅಥವಾ ನೆನಪಿಲ್ಲದವರ ಹಾಗೆ ಮಾಡುತ್ತಿದ್ದರೋ ಏನೋ. ಎಲ್ಲ ಮಕ್ಕಳಿಗೂ ತಿಂಡಿಯ ಹೆಸರಿಟ್ಟಿದ್ದರು. ಮಾಜಿವಾಡಾದಿಂದ ಬರುವ ಗುಂಡುಗುಂಡಗಿನ ಹುಡುಗ ಬನ್ಸ್. ನೇರೂಳಿನ ನಯವಾದ ಮಾತಿನ ಹುಡುಗಿ ಶೀರಾ. ಇನ್ನೊಬ್ಬಳು ವಿಜಯಪುರ ಕಡೆಯವಳು. ಅವಳ ಅಪ್ಪ ಮಹಾಪೆಯ ಗೋದಾಮೊಂದರಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅಮ್ಮ ನಮ್ಮ ಬಿಲ್ಡಿಂಗಿನ ಮೂರು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ಭಾನುವಾರ ಆಕೆ ಮಗಳ ಕೈ ಹಿಡಿದುಕೊಂಡು ನೇರ ಒಳಗೆ ಬಂದು, "ಇಕಿನ್ನೂ ಕೂಡಿಸ್ಕೋರಿ ಅಜ್ಜಾರ, ಮನಿಯಾಗ ಬರೇ ಬಾಯಿ ಮಾಡ್ತಾಳ" ಎಂದಳು. ಮೊದಲ ದಿನವೇ ಆ ಹುಡುಗಿ ಅಪ್ಪನ ತಾಳ ಒಂದು ಕಡೆ ಜಾರಿತೆಂದು ಎಲ್ಲರೆದುರು ಹೇಳಿಬಿಟ್ಟಳು. ಅಪ್ಪ ಅವಳಿಗೆ ಖಡಕ್ ರೊಟ್ಟಿ ಎಂದು ಹೆಸರಿಟ್ಟರು. ಉಳಿದ ಮಕ್ಕಳು ಅಪ್ಪನನ್ನು ಅಜ್ಜ ಎನ್ನುತ್ತಿದ್ದರೆ ಅವಳು ಮಾತ್ರ ಮುತ್ಯಾ ಎನ್ನುತ್ತಿದ್ದಳು.

ಭಜನೆಯ ನಡುವೆ ರೈಲು ಬರುವುದಂತೂ ಇದ್ದದ್ದೇ. ಅದಕ್ಕೆ ಅಪ್ಪ ಒಂದು ಪಾಠವನ್ನೇ ಮಾಡಿದ್ದರು. ರೈಲು ಬಂದರೆ ಹಾಡು ನಿಲ್ಲಿಸಬೇಕು, ಕೈಯ ತಾಳವನ್ನೂ ನಿಲ್ಲಿಸಬೇಕು. ಆದರೆ ತೊಡೆಯ ಮೇಲೆ ಬೆರಳಿನಿಂದ ಲೆಕ್ಕ ನಡೆಯುತ್ತಿರಬೇಕು. ರೈಲು ಹೋದ ಕೂಡಲೇ, ಯಾರೂ ಯಾರ ಮುಖವನ್ನೂ ನೋಡದೆ, ಎಲ್ಲರೂ ಒಟ್ಟಿಗೆ ಸರಿಯಾದ ಅಕ್ಷರಕ್ಕೆ ಬಂದು ಸೇರಬೇಕು.

"ಬಾಯಿ ನಿಂತರೆ ಅಡ್ಡಿಲ್ಲ. ಒಳಗೆ ತಾಳ ನಿಲ್ಲಬಾರದು" ಎನ್ನುತ್ತಿದ್ದರು.

ಮೊದಮೊದಲು ರೈಲು ಹೋದ ಮೇಲೆ ಸಂತೆಯ ಗಲಾಟೆ. ವರ್ಷ ಕಳೆಯುವಷ್ಟರಲ್ಲಿ ಆ ಪುಟ್ಟ ಮಕ್ಕಳು ಎಷ್ಟು ಪಳಗಿದರೆಂದರೆ, ಎದುರುಬದುರು ಎರಡು ಲೋಕಲ್ ಬಂದರೂ, ಗದ್ದಲ ಕರಗಿದೊಡನೆ ಒಂದೇ ದನಿಯಲ್ಲಿ ಹಾಡು ಎದ್ದು ನಿಲ್ಲುತ್ತಿತ್ತು. ನಾನು ಅಡುಗೆಮನೆಯಲ್ಲಿ ಅವರಿಗೆ ಅವಲಕ್ಕಿ ಕಲಸುತ್ತಾ ಗೊಣಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಮಕ್ಕಳೆಂದರೆ ಅಷ್ಟಕ್ಕಷ್ಟೆ. ಮದುವೆಯ ಗೊಡವೆಗೆ ಹೋಗದವಳು, ವಾರವಿಡೀ ಮಹಾಪೆಯ ಆಫೀಸಿನಲ್ಲಿ ತಲೆಚಿಟ್ಟು ಹಿಡಿಸಿಕೊಂಡು ಬಂದವಳು. ನನಗೆ ಭಾನುವಾರ ಬೇಕಾದದ್ದು ನಿದ್ದೆ. ಬರುತ್ತಿದ್ದದ್ದು ಇಪ್ಪತ್ತು ಜೊತೆ ತಾಳ.

ಆಮೇಲೆ ಲಾಕ್‌ಡೌನ್ ಬಂತು. ಲೋಕಲ್ ನಿಂತಿತು.

ರೈಲು ನಿಂತ ಮೊದಲ ದಿನಗಳಲ್ಲಿ ನಮಗೆ ಏನೋ ಕಳೆದುಹೋದ ಹಾಗೆ ಆಗಿತ್ತು. ಅಪರೂಪಕ್ಕೊಂದು ಗೂಡ್ಸ್ ಗಾಡಿ ಹೋಗುತ್ತಿತ್ತು, ಅಷ್ಟೆ. ಮಾತಾಡುತ್ತಾ ಆಡುತ್ತಾ ಅಪ್ಪ ಸುಮ್ಮನೆ ನಿಲ್ಲಿಸಿ, ಬಾರದ ಗಾಡಿಗೆ ಕಾಯುತ್ತಿದ್ದರು. ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು. ಕೆಲವು ದಿನಗಳಲ್ಲಿ ಆ ಮೌನವೂ ಅಭ್ಯಾಸವಾಯಿತು.

ಮಕ್ಕಳ ತಾಯಂದಿರ ಫೋನು ಶುರುವಾದದ್ದು ಆಗ. ಒಂದು ಹಾಲ್, ಒಂದು ಕಿಚನ್ನಿನ ಅವರ ಮನೆಗಳಲ್ಲಿ ಗಂಡಂದಿರು ಲ್ಯಾಪ್‌ಟಾಪ್ ಮುಂದೆ, ಅವರು ಒಲೆಯ ಮುಂದೆ, ಮಕ್ಕಳು ಗೋಡೆಯ ಮೇಲೆ. ಬನ್ಸ್‌ನ ಅಮ್ಮ ಹೇಳಿದಳು, "ಇವನು ದಿನಕ್ಕೆ ಹತ್ತು ಸಲ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಲ್ತಾನೆ ಅಂಕಲ್. ಎಲ್ಲಿಗೂ ಹೋಗ್ಲಿಕ್ಕಿಲ್ಲ, ಆದ್ರೂ ಚಪ್ಪಲಿ ಹಾಕ್ತಾನೆ. ನೀವು ಏನಾದ್ರೂ ಮಾಡಿ."

ಅಪ್ಪ ಮೊದಲು ವಿಡಿಯೋ ಕಾಲ್‌ನಲ್ಲಿ ಭಜನೆ ಮಾಡಿಸಲು ಹೋದರು. ನೆಟ್ಟಿನಲ್ಲಿ ಒಬ್ಬರ ತಾಳ ಇನ್ನೊಬ್ಬರಿಗೆ ಅರೆಕ್ಷಣ ತಡವಾಗಿ ಮುಟ್ಟಿ, ಪಾತ್ರೆಯಂಗಡಿಗೆ ಬೆಕ್ಕು ಹೊಕ್ಕ ಹಾಗಾಯಿತು. ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು, "ಇದು ನನ್ನಿಂದಾಗುವ ಕೆಲಸ ಅಲ್ಲ. ನನಗೆ ವಾಟ್ಸಾಪಿನಲ್ಲಿ ಬರೀ ಮಾತು ಕಳಿಸುವುದನ್ನು ಹೇಳಿಕೊಡು" ಎಂದರು.

ಹಾಗೆ ಶುರುವಾಯಿತು ಸಂಜೆಯ ಮಾತು. ದೇವರಿಗೆ ದೀಪ ಹಚ್ಚಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು, ತಾಳವನ್ನು ಒಮ್ಮೆ ಟಿಣ್ ಎನ್ನಿಸಿ, ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದು ಅಪ್ಪ ಕೇಳುತ್ತಿದ್ದರು: "ಮಕ್ಕಳೇ, ಕೇಳ್ತದಾ?" ಆಮೇಲೆ ಒಂದು ಚಿಕ್ಕ ಕಥೆ, ಒಂದು ಸಾಲು ಭಜನೆ, ಕೊನೆಗೆ ನಾಳೆಯ ಕೆಲಸ. ಆ ಕೆಲಸಕ್ಕಾಗಿ ಮಕ್ಕಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ಚೆನ್ನಾಗಿ ಮಾತಾಡುತ್ತದೆ, ಹುಡುಕಿ. ಕುಕ್ಕರಿನ ಸೀಟಿಗೂ ಸೀಟಿಗೂ ನಡುವೆ ಎಷ್ಟು ಸಲ ತಾಳ ಹಾಕಬಹುದು, ಹಾಕಿ ನೋಡಿ. ಅಮ್ಮನ ಜೊತೆ ಹಿಟ್ಟು ನಾದಿ, ಆ ಉಂಡೆಗೆ ಲಯ ತಪ್ಪದೆ ಗುದ್ದಿ ಕಳಿಸಿ.

ಮಕ್ಕಳ ಉತ್ತರಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಅಜ್ಜ, ಆಜ್ ಮೇರಾ ತಾಳ ಬರಾಬರ್ ಥಾ ಕ್ಯಾ?" ಎಂದು ಬನ್ಸ್ ಕೇಳಿದರೆ, "ಹಿಂದಿಯಲ್ಲಿ ಕೇಳಿದವರಿಗೆ ಅರ್ಧ ಉತ್ತರ. ಅರ್ಧ ಬರಾಬರ್ ಇತ್ತು" ಎಂದು ಕಳಿಸುತ್ತಿದ್ದರು. ಒಂದು ದಿನ ಖಡಕ್ ರೊಟ್ಟಿ ಅವಳ ಅಮ್ಮ ಜೋಳದ ರೊಟ್ಟಿ ಬಡಿಯುವ ಸದ್ದನ್ನು ಕಳಿಸಿದಳು. ಅಪ್ಪ ಅದನ್ನು ಕೇಳಿ, ಆಫೀಸಿನ ಕೆಲಸದಲ್ಲಿ ಮುಳುಗಿದ್ದ ನನ್ನ ಹತ್ತಿರ ಎದ್ದು ಬಂದು, ನನ್ನ ಕಿವಿಗೆ ಫೋನು ಹಿಡಿದರು.

"ಕೇಳು. ಒಂದು ಪೆಟ್ಟು ಆಚೆ ಈಚೆ ಇಲ್ಲ."

ನಾನು "ಹೂಂ" ಎಂದು ಕಂಪ್ಯೂಟರಿನ ಕಡೆ ತಿರುಗಿದೆ. ಅವರು ಅದನ್ನು ಮತ್ತೆ ಮತ್ತೆ ಕೇಳುತ್ತಾ ಬಾಲ್ಕನಿಗೆ ಹೋದರು.

ಮೇ ತಿಂಗಳಲ್ಲಿ ಅಪ್ಪನಿಗೆ ಜ್ವರ ಬಂತು. ಎರಡು ಸಂಜೆ ಕೆಮ್ಮುತ್ತಲೇ ಮಾತು ಕಳಿಸಿದರು, ಗಂಟಲಿಗೆ ಮೆಣಸು ಜಾಸ್ತಿ ಬಿತ್ತು ಎಂದು ಮಕ್ಕಳಿಗೆ ನೆಪ ಹೇಳಿದರು. ಮೂರನೆಯ ದಿನ ಆಂಬುಲೆನ್ಸ್ ಬಂತು. ಮೈಯೆಲ್ಲ ಬಿಳಿ ಪ್ಲಾಸ್ಟಿಕ್ ಹಾಕಿಕೊಂಡ ಇಬ್ಬರು ಕೆಳಗೇ ನಿಂತು ಕರೆದರು. ಬಿಲ್ಡಿಂಗಿನ ಕಿಟಕಿಗಳಲ್ಲೆಲ್ಲ ಮುಖಗಳು. ಅಪ್ಪ ಒಂದು ಪಂಚೆ, ಒಂದು ಟವೆಲು, ಗುಳಿಗೆಯ ಡಬ್ಬಿ ಇಟ್ಟುಕೊಂಡ ಚೀಲ ಹಿಡಿದು ತಾವೇ ಮೆಟ್ಟಿಲಿಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಇಳಿಯಲು ಬಿಡಲಿಲ್ಲ. ತಿರುವಿನಲ್ಲಿ ನಿಂತು, ಮಾಸ್ಕ್ ಸ್ವಲ್ಪ ಸರಿಸಿ, ಅವರು ಹೇಳಿದ್ದು ಇಷ್ಟು: "ಸಂಜೆ ಮಕ್ಕಳಿಗೆ ಏನಾದರೂ ಹಾಕು. ಕಾಯ್ತಾ ಇರ್ತಾರೆ."

ತಮ್ಮ ಫೋನನ್ನು ಅವರು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಮರೆತರೋ, ಬೇಕೆಂದೇ ಬಿಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಸ್ಪತ್ರೆಯ ಆ ಕೆಲವು ದಿನ ಸಂಜೆ ನಾನು ಬರೀ ಕೆಲಸವನ್ನು ಬರೆದು ಹಾಕಿದೆ. ಅವರು ವಾಪಸು ಬರಲಿಲ್ಲ. ಆಸ್ಪತ್ರೆಯಿಂದ ಒಂದು ಮಧ್ಯಾಹ್ನ ಯಾರೋ ಒಬ್ಬರು ಮರಾಠಿಯಲ್ಲಿ, ಬಹಳ ಮೆಲ್ಲಗೆ, ವಿಷಯ ಹೇಳಿದರು. ನಾನು ಮನೆಯಲ್ಲೇ ಕ್ವಾರಂಟೈನಿನಲ್ಲಿದ್ದೆ, ಬಾಗಿಲಿಗೆ ಪಾಲಿಕೆಯವರ ಚೀಟಿ ಅಂಟಿಸಿತ್ತು. ಊರಿನಲ್ಲಿದ್ದ ನನ್ನ ತಮ್ಮನಿಗೆ ಬರುವ ದಾರಿ ಇರಲಿಲ್ಲ. ಮಂಡಳಿಯ ಕಾರ್ಯದರ್ಶಿ ಸ್ಮಶಾನದ ಗೇಟಿನವರೆಗೆ ಹೋಗಿ, ಅಲ್ಲಿಂದ ಫೋನಿನಲ್ಲಿ ತೋರಿಸಿದರು. ನನಗೆ ಕಂಡದ್ದು ಒಂದು ಗೇಟು, ಅದರಾಚೆ ಹೊಗೆ. ಅದು ಅಪ್ಪನ ಹೊಗೆಯೋ ಬೇರೆ ಯಾರದೋ ಎಂದು ಕೇಳುವ ಧೈರ್ಯ ಆಗಲಿಲ್ಲ. ಅಷ್ಟು ವರ್ಷ ಊರಿಗೆಲ್ಲ ಬಡಿಸಿದ ಮನುಷ್ಯನಿಗೆ ನಾನು ಒಂದು ಹಿಡಿ ಅಕ್ಕಿಯನ್ನೂ ಬಾಯಿಗೆ ಹಾಕಲಿಲ್ಲ. ಆ ನೋವು ಈಗಲೂ ಹಾಗೇ ಇದೆ.

ಮರುದಿನ ಕಾರ್ಯದರ್ಶಿ ಮತ್ತೆ ಫೋನು ಮಾಡಿದರು. ಅವರು ಠಾಣೆಯಲ್ಲಿ ಹೋಟೆಲು ನಡೆಸುವವರು. ಅಪ್ಪನ ಕೈಕೆಳಗೆ ಕೆಲಸ ಕಲಿತವರು.

"ತಾಯಂದಿರೆಲ್ಲ ಕೇಳ್ತಾ ಇದ್ದಾರೆ. ಮಕ್ಕಳಿಗೆ ಈಗ ಹೇಳುವುದು ಬೇಡ ಮಾರಾಯ್ತಿ. ಮೊದಲೇ ಹೆದರಿ ಹೋಗಿದ್ದಾವೆ. ಎಲ್ಲ ಸರಿಯಾದ ಮೇಲೆ ಒಟ್ಟಿಗೆ ಕೂರಿಸಿ ಹೇಳುವ."

"ಅಲ್ಲಿಯವರೆಗೆ ಸಂಜೆ ಏನು ಕಳಿಸುವುದು?"

ಕೇಳುತ್ತಿರುವಾಗಲೇ ನನಗೇ ಉತ್ತರ ಹೊಳೆಯಿತು. ಅಪ್ಪನಿಗೆ ಒಂದು ಚಟವಿತ್ತು. ಲಾಕ್‌ಡೌನಿಗೆ ಎಷ್ಟೋ ಮೊದಲಿನಿಂದ ಭಾನುವಾರದ ಪಾಠವನ್ನೆಲ್ಲ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಯಾರ ತಾಳ ಎಲ್ಲಿ ಜಾರಿತು ಎಂದು ವಾರವಿಡೀ ಕೇಳಿ, ಮುಂದಿನ ಭಾನುವಾರ ತಿದ್ದುತ್ತಿದ್ದರು. ಅದರಲ್ಲಿ ಅವರ ಕಥೆಗಳಿದ್ದವು, ತಮಾಷೆಗಳಿದ್ದವು, ತಾಳದ ವಿವರಣೆ ಇತ್ತು. ನಾನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕೂತು, ಮಕ್ಕಳ ದನಿ ಇಲ್ಲದ ತುಂಡುಗಳನ್ನು ಹುಡುಕಿ ಹುಡುಕಿ ಕತ್ತರಿಸಿದೆ. ಲಾಕ್‌ಡೌನಿನ ಮೊದಲ ಸಂಜೆಯದೊಂದರಿಂದ "ಮಕ್ಕಳೇ, ಕೇಳ್ತದಾ?" ಎಂಬುದನ್ನು ತೆಗೆದು ಪ್ರತಿಯೊಂದರ ಮುಂದೆ ಅಂಟಿಸಿದೆ. ಕೆಲಸ ಮಾತ್ರ ನಾನು ಬರೆದು ಹಾಕುತ್ತಿದ್ದೆ. ಅಜ್ಜನಿಗೆ ಗಂಟಲು ಸರಿಯಿಲ್ಲ, ಜಾಸ್ತಿ ಮಾತಾಡಬಾರದಂತೆ ಎಂದು ತಾಯಂದಿರು ಹೇಳಿದರು.

ಮಕ್ಕಳಿಗೆ ಗೊತ್ತಾಗಬಾರದು. ಆ ದಿನಗಳಲ್ಲಿ ನನಗೆ ಉಳಿದಿದ್ದ ಕೆಲಸ ಅದೊಂದೇ. ಹೊತ್ತು ಹೊತ್ತಿಗೆ ಊಟ ಇರಲಿಲ್ಲ, ಸ್ನಾನದ ನೆನಪಿರಲಿಲ್ಲ. ತಲೆ ಬಾಚದೆ ಎಷ್ಟು ದಿನ ಆಯಿತೆಂದು ಕೇಳುವವರೂ ಇರಲಿಲ್ಲ. ವಾಚ್‌ಮನ್ ಬಾಗಿಲ ಹೊರಗೆ ಇಟ್ಟುಹೋದ ಹಾಲು ಎರಡು ಸಲ ಒಡೆಯಿತು. ಆದರೆ ಸಂಜೆಯ ಮಾತು ಒಂದು ದಿನವೂ ತಪ್ಪಲಿಲ್ಲ. ಕಿವಿಗೆ ಇಯರ್‌ಫೋನು ಹಾಕಿಕೊಂಡು ಬೆಳಿಗ್ಗೆಯಿಂದ ಅಪ್ಪನ ದನಿ ಕೇಳುತ್ತಿದ್ದೆ. ಅವರು ಕಥೆಯ ನಡುವೆ ಅಲ್ಲಲ್ಲಿ ಮಾತು ನಿಲ್ಲಿಸುತ್ತಿದ್ದರು. ವಯಸ್ಸಾಗಿತ್ತಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಕತ್ತರಿಸಿ ಹತ್ತಿರ ಮಾಡಬಹುದಿತ್ತು. ಮನಸ್ಸಾಗಲಿಲ್ಲ. ಅವರ ಉಸಿರೆಂದು ನನ್ನ ಹತ್ತಿರ ಇದ್ದದ್ದು ಅಷ್ಟೇ.

ಮಕ್ಕಳ ಉತ್ತರಗಳು ಬಂದವು. ಮೊದಲ ಸಂಜೆ ಸ್ವಲ್ಪ ತಡವಾಗಿ ಬಂದವು, ಆಮೇಲೆ ಎಂದಿನಂತೆ. ನನ್ನ ಮೋಸ ನಡೆಯಿತೆಂದು ಸಮಾಧಾನಪಟ್ಟೆ. ಒಂದು ಬದಲಾವಣೆ ಮಾತ್ರ ಕಂಡಿತು. ಎಲ್ಲರೂ ಇದ್ದಕ್ಕಿದ್ದಂತೆ ನನ್ನನ್ನು ವಿಚಾರಿಸಲು ಶುರು ಮಾಡಿದರು. ಅದೂ ನೇರವಾಗಿ ಅಲ್ಲ, ಅಪ್ಪನ ಮೂಲಕ.

"ಅಜ್ಜ, ಆಂಟಿ ಊಟ ಮಾಡಿದ್ರಾ ಕೇಳಿ" ಎಂದು ಶೀರಾ.

"ಅಜ್ಜ, ಆಂಟೀನ ಬಾಲ್ಕನಿಯಲ್ಲಿ ಕೂತ್ಕೊಳ್ಳಿಕ್ಕೆ ಹೇಳಿ. ಘರ್ ಕೆ ಅಂದರ್ ಬೋರ್ ಆಗ್ತದೆ" ಎಂದು ಬನ್ಸ್.

ನನ್ನನ್ನು ಮಾವಶಿ ಎನ್ನುತ್ತಿದ್ದ ಖಡಕ್ ರೊಟ್ಟಿಯದು ಅಪ್ಪಣೆಯೇ. "ಮುತ್ಯಾ, ಎಲ್ಲಾ ಕೆಲಸಾ ನಾವ ಮಾಡೂದೇನು? ಮಾವಶಿಗೂ ಕೊಡು. ನಾಳಿ ಮಾವಶಿ ಚಪಾತಿ ಹಿಟ್ಟ ನಾದಿ ಸಪ್ಪಳಾ ಕಳಸ್ಬೇಕು."

ನನಗೆ ಸಿಟ್ಟು ಬಂತು. ಈ ಚೋಟುದ್ದದ ಹುಡುಗಿಯ ಅಪ್ಪಣೆಯಂತೆ ನಾನು ಹಿಟ್ಟು ನಾದಬೇಕೆ? ಆದರೆ ಅಪ್ಪ ಇದ್ದಿದ್ದರೆ ಖಂಡಿತ ನಗುತ್ತಾ ಒಪ್ಪಿಬಿಡುತ್ತಿದ್ದರು. ಒಪ್ಪದಿದ್ದರೆ ಅನುಮಾನ ಬಂದೀತು. ಹಾಗಾಗಿ ಎದ್ದು, ಎಷ್ಟೋ ದಿನದ ಮೇಲೆ ಹಿಟ್ಟಿನ ಡಬ್ಬಿ ತೆರೆದೆ. ನಾದಿದೆ, ಗುದ್ದಿದೆ, ಸದ್ದು ಕಳಿಸಿದೆ. ನಾದಿದ ಹಿಟ್ಟನ್ನು ಎಸೆಯುವುದು ಹೇಗೆ? ಎರಡು ಚಪಾತಿ ಮಾಡಿ ತಿಂದೆ. ಮರುದಿನ ಬಾಲ್ಕನಿಯ ಗಿಡಕ್ಕೆ ನೀರು ಹಾಕುವ ಸದ್ದು ಬೇಕಂತೆ. ಅದರ ಮರುದಿನ, ಮಾವಶಿ ಭಜನೆ ಹಾಡುವುದೇ ಇಲ್ಲವಲ್ಲ, ಒಂದು ಸಾಲು ಹಾಡಿಸು ಮುತ್ಯಾ. ನನ್ನ ಹಾಡು ಕೇಳಿ ಅವರು ನಕ್ಕರೋ ಏನೋ, ಉತ್ತರದಲ್ಲಿ ಮಾತ್ರ ಎಲ್ಲರೂ ಬಹಳ ಗಂಭೀರವಾಗಿ, "ಆಂಟಿಯದ್ದು ಬರಾಬರ್ ಇತ್ತು ಅಜ್ಜ" ಎಂದು ಕಳಿಸಿದರು.

ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಎಷ್ಟು ಕಷ್ಟ ಎಂದು ನಾನು ತಾಯಂದಿರ ಹತ್ತಿರ ದೊಡ್ಡದಾಗಿ ಮಾತಾಡುತ್ತಿದ್ದೆ. ಅವರು ಹೂಂಗುಟ್ಟುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಖಡಕ್ ರೊಟ್ಟಿಯ ಅಮ್ಮ ಫೋನು ಮಾಡಿದಳು. ಗೋದಾಮು ಮುಚ್ಚಿ ಎರಡು ತಿಂಗಳಾಗಿತ್ತು, ಬಿಲ್ಡಿಂಗುಗಳಲ್ಲಿ ಕೆಲಸದವರನ್ನು ಒಳಗೆ ಬಿಡುತ್ತಿರಲಿಲ್ಲ.

"ನಾಳಿ ಮುಂಜಾನೆ ಊರಿಗೆ ಹೊಂಟೀವ್ರೀ ಅಕ್ಕಾರ. ಮಾಜಿವಾಡಾ ನಾಕಾದಿಂದ ಟೆಂಪೊ ಐತಿ, ಸೊಲ್ಲಾಪುರ ತನಕ. ಅಲ್ಲಿಂದ ಹೆಂಗರ ಹೋಗ್ತೀವಿ. ಮತ್ತ ಇತ್ಲಾಕಡೆ ಬರ್ತೀವೋ ಇಲ್ಲೋ."

ಮಕ್ಕಳಿಗೆ ದಾರಿಗೆ ನೀರು ತಗೊಳ್ಳಿ ಎಂದೇನೋ ಹೇಳಿದೆ. ಆಕೆ, "ಹುಡುಗಿ ನಿಮ್ಮ ಜೋಡಿ ಮಾತಾಡ್ತೀನಿ ಅಂತ ಹಟಾ ಹಿಡದಾಳ್ರೀ" ಎಂದು ಫೋನನ್ನು ಮಗಳಿಗೆ ಕೊಟ್ಟಳು.

ಸಿಕ್ಕಿಬಿದ್ದೆ ಎಂದುಕೊಂಡೆ. ಮುತ್ಯಾನಿಗೆ ಫೋನು ಕೊಡು ಎನ್ನುತ್ತಾಳೆ. ಹೋಗುವ ಮುಂಚೆ ಒಂದು ಮಾತು ಎನ್ನುತ್ತಾಳೆ. ರೆಕಾರ್ಡಿಂಗಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವಳು ಬಾಯಿ ತೆರೆಯುವ ಮುಂಚೆಯೇ ನಾನು ಶುರು ಮಾಡಿದೆ. "ಅಜ್ಜ ಮಲಗಿದ್ದಾರೆ ಪುಟ್ಟ. ಗಂಟಲು ನೋವು. ಎದ್ದ ಮೇಲೆ ಹೇಳ್ತೇನೆ. ಅವರೇ ನಿನಗೆ ಮಾತು ಕಳಿಸ್ತಾರೆ, ಆಯ್ತಾ?"

ಅವಳು ಮೆಲ್ಲಗೆ, ಖಡಕ್ ರೊಟ್ಟಿ ಎಂದೂ ಮಾತಾಡದಷ್ಟು ಮೆಲ್ಲಗೆ, "ಮಾವಶಿ, ನನಗ ಗೊತ್ತೈತ್ರಿ" ಎಂದಳು.

"ಏನು ಗೊತ್ತು?"

"ಮುತ್ಯಾನ ಮಾತಿನ್ಯಾಗ ರೈಲು ಬರ್ತದ್ರೀ. ಬದಲಾಪುರ ಲೋಕಲ್ ಅಂತ ಅನೌನ್ಸೂ ಮಾಡ್ತಾರ. ಈಗ ಲೋಕಲ್ ಎಲ್ಲಿ ಓಡ್ತಾವ್ರೀ?"

ಮೇಜಿನ ಮೇಲಿದ್ದ ಇಯರ್‌ಫೋನಿನ ಕಡೆ ನೋಡಿದೆ.

"ಬನ್ಸ್ ಮೊದಲ ಫೋನ್ ಮಾಡಿ ಹೇಳಿದ. ಆಮ್ಯಾಲೆ ಎಲ್ಲಾರೂ ಕೇಳಿದ್ವಿ. ಮೊದಲನೇ ದಿನಾನ ಗೊತ್ತಾತು. ಅವ್ವಗ ಕೇಳಿದೆ, ಅಕಿ ಅತ್ತಳು."

"ಮತ್ತೆ ದಿನಾ ಉತ್ತರ ಕಳಿಸ್ತಿದ್ದಿರಲ್ಲ?" ಎಂದೆ. "ಅಜ್ಜ, ಅಜ್ಜ ಅಂತ?"

"ನೀವ್ ಒಬ್ಬಾಕೀನ ಅದೀರಲ್ರೀ" ಎಂದಳು. ಇಷ್ಟೂ ಗೊತ್ತಾಗುವುದಿಲ್ಲವೇ ಎನ್ನುವ ಹಾಗಿತ್ತು ಅವಳ ಮಾತು. "ರೈಲು ಹೋಗೂ ತನಾ ತಾಳ ಬಿಡಬಾರ್ದು ಅಂತ ಮುತ್ಯಾನ ಹೇಳ್ಯಾನ. ನಾವು ಬಿಟ್ಟಿಲ್ರೀ."

ಅಪ್ಪ ಹೋದ ದಿನದಿಂದ ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಅಂದು ಅತ್ತೆ. ಆ ಮಗು ಫೋನು ಇಡಲಿಲ್ಲ. ನನ್ನ ಅಳು ನಿಲ್ಲುವವರೆಗೆ ಆ ತುದಿಯಲ್ಲಿ ಸುಮ್ಮನೆ ಕಾದಿತ್ತು, ಹಳಿಯ ಪಕ್ಕದವರು ಗಾಡಿ ದಾಟಲು ಕಾಯುವ ಹಾಗೆ. ಆಮೇಲೆ, "ಊರಾಗೂ ಫೋನ್ ಇರ್ತದ್ರೀ" ಎಂದು ಹೇಳಿ ಅಮ್ಮನಿಗೆ ಕೊಟ್ಟಳು.

ಫೋನಿಟ್ಟು, ಇಯರ್‌ಫೋನು ಹಾಕಿಕೊಂಡು, ನಾನೇ ಕತ್ತರಿಸಿ ಕಳಿಸಿದ ತುಂಡುಗಳನ್ನು ಮತ್ತೆ ಕೇಳಿದೆ. ಎಲ್ಲದರಲ್ಲೂ ರೈಲಿತ್ತು. ಗಡಗಡ ಎಂದು, ಹಾರ್ನ್ ಹೊಡೆಯುತ್ತಾ, ಅಪ್ಪನ ಕಥೆಯ ನಟ್ಟನಡುವೆ ಲೋಕಲ್‌ಗಳು ಓಡುತ್ತಿದ್ದವು. ಅಪ್ಪನ ಉಸಿರೆಂದು ನಾನು ಕಾಪಾಡಿದ ಜಾಗಗಳಲ್ಲೆಲ್ಲ ಇದ್ದದ್ದು ರೈಲು. ಅವರು ಅದು ದಾಟುವವರೆಗೆ ಕಾದು, ಬಿಟ್ಟ ಮಾತನ್ನು ಎತ್ತಿಕೊಳ್ಳುತ್ತಿದ್ದರು. ಅಷ್ಟು ದಿನ ಬೆಳಗಿನಿಂದ ಸಂಜೆಯವರೆಗೆ ಕೇಳಿದ ನನಗೆ ಅದು ಒಂದು ಸಲವೂ ಕೇಳಿಸಿರಲಿಲ್ಲ. ಈ ಊರಿನ ಮಕ್ಕಳನ್ನು ರೈಲಿನ ವಿಷಯದಲ್ಲಿ ಮೋಸ ಮಾಡಲು ಹೊರಟಿದ್ದೆ ನಾನು.

ಅಂದು ಸಂಜೆ ದೀಪ ಹಚ್ಚಿ, ಅಪ್ಪನ ಕುರ್ಚಿಯಲ್ಲಿ ಕೂತು, ತಾಳವನ್ನು ಒಮ್ಮೆ ಟಿಣ್ ಎನ್ನಿಸಿ, ನನ್ನದೇ ದನಿಯಲ್ಲಿ "ಮಕ್ಕಳೇ, ಕೇಳ್ತದಾ?" ಎಂದೆ. ಅಜ್ಜ ತೀರಿಕೊಂಡರು, ನಿಮಗೆ ಗೊತ್ತಿದೆ ಎಂದು ನನಗೂ ಗೊತ್ತಾಯಿತು ಎಂದೆ. ಇನ್ನೂ ಏನೋ ಹೇಳಬೇಕೆಂದಿದ್ದೆ, ಆದರೆ ಅಲ್ಲಿಗೇ ಕಳಿಸಿದೆ. ಅಂದು ಯಾರ ಉತ್ತರವೂ ಬರಲಿಲ್ಲ. ಮರುದಿನ ಸಂಜೆ ಬನ್ಸ್ ಕೇಳಿದ, ಪೂರ್ತಿ ಕನ್ನಡದಲ್ಲಿ, ಎಲ್ಲೂ ತಡವರಿಸದೆ: "ಆಂಟಿ, ಇವತ್ತಿನ ಕೆಲಸ ಏನು?"

ಕೆಲಸ ಕೊಟ್ಟೆ. ಆ ಮಳೆಗಾಲವಿಡೀ ಕೊಟ್ಟೆ, ಅದರ ಮುಂದಿನ ವರ್ಷವೂ ಕೊಟ್ಟೆ. ಅಪ್ಪನಷ್ಟು ಚೆನ್ನಾಗಿ ಕಥೆ ಹೇಳಲು ನನಗೆ ಬರುವುದಿಲ್ಲ. ಮಕ್ಕಳು ಅದನ್ನು ಹೇಳಲು ಮರೆಯುತ್ತಲೂ ಇರಲಿಲ್ಲ.

ಎಲ್ಲ ತೆರೆದ ಮೇಲೆ ಮೊದಲ ಭಾನುವಾರ ಮಕ್ಕಳು ಮನೆಗೆ ಬಂದರು. ಎಲ್ಲರೂ ಉದ್ದವಾಗಿದ್ದರು, ಚಾಪೆ ಸಾಲದಾಗಿತ್ತು. ಬನ್ಸ್ ಸಪೂರವಾಗಿದ್ದ, ಆ ಹೆಸರು ಅವನಿಗೆ ಇನ್ನು ಒಪ್ಪುತ್ತಿರಲಿಲ್ಲ. ಅಪ್ಪ ಕೂರುತ್ತಿದ್ದ ಜಾಗವನ್ನು ಯಾರೂ ಹೇಳದೆಯೇ ಖಾಲಿ ಬಿಟ್ಟು ಕೂತರು. ಖಡಕ್ ರೊಟ್ಟಿಯ ಮನೆಯವರು ಡೊಂಬಿವಲಿಗೆ ವಾಪಸು ಬರಲಿಲ್ಲ. ಅವಳ ಅಪ್ಪ ಊರಿನಲ್ಲೇ ಕೂಲಿಗೆ ಹೋಗುತ್ತಿದ್ದ, ಅವಳು ಅಲ್ಲಿನ ಶಾಲೆಗೆ ಸೇರಿದ್ದಳು. ಅವಳ ಜಾಗದಲ್ಲಿ ಚಾಪೆಯ ಮೇಲೆ ನನ್ನ ಫೋನು ಇಟ್ಟಿದ್ದೆವು. ಫೋನಿನೊಳಗೆ ಅವಳಿದ್ದಳು, ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

ಭಜನೆ ಶುರುವಾಯಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಲೋಕಲ್ ಬಂತು. ಈಗ ನನಗೆ ಪ್ರತಿಯೊಂದು ಲೋಕಲ್ ಕೇಳಿಸುತ್ತದೆ, ಒಂದೂ ತಪ್ಪುವುದಿಲ್ಲ. ಇಪ್ಪತ್ತು ಬಾಯಿ ಒಟ್ಟಿಗೆ ನಿಂತವು, ಇಪ್ಪತ್ತು ಜೊತೆ ತಾಳ ನಿಂತವು. ಎಲ್ಲರ ಬೆರಳು ತೊಡೆಯ ಮೇಲೆ ಸದ್ದಿಲ್ಲದೆ ಆಡುತ್ತಿತ್ತು. ನನ್ನದೂ. ಎಲ್ಲರೂ ಖಾಲಿ ಜಾಗದ ಕಡೆ ನೋಡುತ್ತಿದ್ದರು.

ಗಾಡಿ ಉದ್ದಕ್ಕೆ ಹೋಗಿ ಮುಗಿಯಿತು. ಮಕ್ಕಳು ಒಂದೇ ದನಿಯಲ್ಲಿ ಸರಿಯಾದ ಅಕ್ಷರಕ್ಕೆ ಬಂದರು. ಅಳುತ್ತಿದ್ದ ನಾನೊಬ್ಬಳೇ ತಪ್ಪಿದೆ. ಅಷ್ಟರಲ್ಲಿ ಚಾಪೆಯ ಮೇಲಿನ ಫೋನಿನಿಂದ, ಒಂದು ಅಕ್ಷರ ತಡವಾಗಿ, ಅವಳ ದನಿ ಬಂದು ಸೇರಿತು. ರೈಲೇ ಇಲ್ಲದ ಊರಿನಲ್ಲಿ ಕೂತು ಅವಳೂ ಅಷ್ಟೂ ಹೊತ್ತು ಕಾದಿದ್ದಳು. ನಾನು ಅವಳ ಜೊತೆ ಹಾಡಲು ಶುರು ಮಾಡಿದೆ.